ಕಾರವಾರದ ಪಾವಿನಲ್ಲಿ ಸ್ಲಾಪಿ ಜೋ: ಆಡಿನ ಖೀಮಾ, ಮುರುಗಲು, ಜೋನಿಬೆಲ್ಲ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಮಾರ್ಕೆಟ್ಟಿನಲ್ಲಿ ಸಿಗುವ ಮೀನಿಗೆ ರೇಟು ಜಾಸ್ತಿ, ಆಯ್ಕೆ ಕಡಿಮೆ. ಆ 61 ದಿನ ನಮ್ಮ ಮನೆಯಲ್ಲಿ ಮಾಂಸದ ಅಡುಗೆಗೆ ಸರದಿ ಬರುತ್ತದೆ. ಸುಕ್ಕಾ, ಸಾರು ಎಲ್ಲ ಆಗಿತ್ತು, ಮಕ್ಕಳಿಗೆ ಬೇರೇನೋ ಬೇಕಿತ್ತು. ಹಾಗಾಗಿ ರವಿವಾರದ ರಾತ್ರಿ ಊಟಕ್ಕೆ ಸ್ಲಾಪಿ ಜೋ ಮಾಡೋಣ ಎಂದು ಮನೆಯವರೆಲ್ಲ ಸೇರಿ ಗೊತ್ತು ಮಾಡಿದೆವು. ಮಾಡುತ್ತಾ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಅಳತೆ ಆರು ಜನರಿಗೆ, ಒಟ್ಟು 12 ಪಾವಿಗೆ.

ಸ್ಲಾಪಿ ಜೋ ಅಮೆರಿಕದ ಮನೆಯಡುಗೆ. ದನದ ಮಾಂಸದ ಖೀಮಾವನ್ನು ಈರುಳ್ಳಿ, ದೊಣ್ಣೆಮೆಣಸು, ಟೊಮೆಟೊ ಸಾಸ್ ಜೊತೆ ಬೇಯಿಸಿ, ಸಿಹಿ ಹುಳಿ ಎರಡೂ ನಾಲಿಗೆಗೆ ತಾಗುವ ಹಾಗೆ ಮಾಡಿ, ದುಂಡನೆಯ ಬನ್ನಿನೊಳಗೆ ತುಂಬುತ್ತಾರೆ. ಬರ್ಗರಿನ ಹಾಗೆ ಟಿಕ್ಕಿ ಕಟ್ಟುವುದಿಲ್ಲ. ಖೀಮಾ ಉದುರುದುರಾಗಿಯೇ ಇರಬೇಕು. ಅಯೋವಾ ರಾಜ್ಯದ ಸೂ ಸಿಟಿ ಎಂಬ ಊರಿನಲ್ಲಿ ಜೋ ಎಂಬ ಅಡುಗೆಯವನು ಉದುರು ಖೀಮಾ ಸ್ಯಾಂಡ್‌ವಿಚ್ಚಿಗೆ ಟೊಮೆಟೊ ಸಾಸ್ ಸೇರಿಸಿದ ಎಂಬ ಕಥೆ ಅಲ್ಲಿ ಹೆಚ್ಚು ಓಡಾಡುತ್ತದೆ. ಬೇರೆ ಕಥೆಗಳೂ ಇವೆ. 1969ರಲ್ಲಿ ಹಂಟ್ಸ್ ಕಂಪನಿ ಮ್ಯಾನ್‌ವಿಚ್ ಎಂಬ ಡಬ್ಬಿ ಸಾಸ್ ತಂದ ಮೇಲೆ ಇದು ಇನ್ನೂ ಸಲೀಸಾಯಿತು. ಖೀಮಾ ಹುರಿ, ಡಬ್ಬಿ ಸುರಿ, ಬನ್ನಿಗೆ ತುಂಬು, ಅಷ್ಟೇ.

ನಮ್ಮ ಅಡುಗೆಮನೆಯಲ್ಲಿ ಎರಡು ಕಡೆ ಲೆಕ್ಕ ಬದಲಾಗುತ್ತದೆ. ಒಂದು, ನಾವು ಬಳಸುವುದು ಆಡಿನ ಮಾಂಸ. ಇಲ್ಲಿ ಮಟನ್ ಎಂದರೆ ಹೆಚ್ಚಾಗಿ ಆಡೇ, ಅಲ್ವಾ? ಅದರಲ್ಲಿ ಕೊಬ್ಬು ಕಡಿಮೆ, ನಾರು ಜಾಸ್ತಿ. ದನದ ಖೀಮಾಕ್ಕೆ ಬರೆದ 20 ನಿಮಿಷದ ಲೆಕ್ಕ ಇದಕ್ಕೆ ಸಾಲುವುದಿಲ್ಲ. ಎರಡು, ನಮ್ಮದು ಪಾವ್. ಅಮೆರಿಕದ ಬನ್ನಿಗಿಂತ ಚಿಕ್ಕದು, ಮೆತ್ತಗಿರುವುದು, ಬೇಗ ನೀರು ಹೀರುವುದು. ಮುಂಬೈ ಇರಾನಿ ಹೋಟೆಲುಗಳ ಖೀಮಾ ಪಾವಿಗೆ ಇದರಿಂದ ತೊಂದರೆಯಿಲ್ಲ, ಯಾಕೆಂದರೆ ಅಲ್ಲಿ ಪಾವನ್ನು ಮುರಿದು ಅದ್ದಿ ತಿನ್ನುತ್ತೇವೆ. ಇಲ್ಲಿ ಖೀಮಾ ಪಾವಿನೊಳಗೇ ಕೂರಬೇಕು, ಕೈಯಲ್ಲಿ ಹಿಡಿದು ಕಚ್ಚಬೇಕು. ಸಾಸ್ ಬೇಕು, ಸಡಿಲ ನೀರು ಬೇಡ. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಇದಕ್ಕಾಗಿಯೇ.

ಖೀಮಾ ತರುವುದು

ಬೆಳಿಗ್ಗೆ ಬೇಗ ಅಂಗಡಿಗೆ ಹೋದೆ. ಭುಜದ ಮಾಂಸ 500 ಗ್ರಾಂ, ಬೇರೆಯಾಗಿ ಚರಬಿ 100 ಗ್ರಾಂ. "ಚಾಚಾ, ಒಂದೇ ಸಲ ಮಷಿನ್‌ಗೆ ಹಾಕಿ, ನುಣ್ಣಗೆ ಬೇಡ" ಎಂದೆ. ಎರಡು ಮೂರು ಸಲ ಹಾಯಿಸಿದ ಖೀಮಾ ಕಬಾಬಿಗೆ ಸರಿ. ಇದಕ್ಕೆ ಕಾಳು ಕಾಳಾಗಿ, ಹಲ್ಲಿಗೆ ಸಿಗುವ ಹಾಗೆ ಇರಬೇಕು. ಭುಜವನ್ನೇ ಕೇಳಲು ಕಾರಣ ಇದೆ. ಆ ಭಾಗ ಓಡಾಡಿದ ಸ್ನಾಯು, ಅದರಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನ ಪ್ರೋಟೀನು ಜಾಸ್ತಿ. ನಿಧಾನವಾಗಿ ಬೆಂದಾಗ ಅದು ಜೆಲಟಿನ್ ಆಗಿ ಕರಗಿ ಸಾಸಿಗೆ ತಾನಾಗಿಯೇ ಅಂಟು ಕೊಡುತ್ತದೆ. ಆಮೇಲೆ ಕಾರ್ನ್‌ಫ್ಲೋರ್ ಹಾಕುವ ಅಗತ್ಯವೇ ಬರುವುದಿಲ್ಲ. ತೊಡೆಯ ಮಾಂಸ ನೋಡಲು ಚಂದ, ಆದರೆ ಖೀಮಾ ಒಣಗುತ್ತದೆ.

ತೊಳೆಯುವ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಾಂಸ ತೊಳೆಯದೆ ಒಲೆಗೆ ಇಡುವವರು ಕಡಿಮೆ. ತೊಳೆಯುವುದಾದರೆ ಇಡೀ ತುಂಡನ್ನು ತೊಳೆಸಿ, ಬಟ್ಟೆಯಿಂದ ಒರೆಸಿ, ಆಮೇಲೆ ಮಷಿನ್‌ಗೆ ಹಾಕಿಸಿ. ಖೀಮಾ ಆದ ಮೇಲೆ ತೊಳೆದರೆ ಒಂದೊಂದು ಕಾಳೂ ನೀರು ಹಿಡಿದುಕೊಳ್ಳುತ್ತದೆ. ಬಾಣಲೆಯಲ್ಲಿ ಅದು ಹುರಿಯುವುದಿಲ್ಲ, ಬೇಯುತ್ತದೆ. ಬಣ್ಣ ಬೂದಿಯಾಗುತ್ತದೆ, ವಾಸನೆ ಹಸಿಯಾಗಿಯೇ ಉಳಿಯುತ್ತದೆ.

ಮನೆಗೆ ತಂದ ತಕ್ಷಣ ಫ್ರಿಜ್ಜಿಗೆ ಹೋಯಿತು. ಖೀಮಾದಲ್ಲಿ ಮೇಲ್ಮೈ ಜಾಸ್ತಿ, ಹಾಗಾಗಿ ಇಡೀ ತುಂಡಿಗಿಂತ ಬೇಗ ಕೆಡುತ್ತದೆ. ನಮ್ಮ ಹವೆಯಲ್ಲಿ ಅದನ್ನು ಕಟ್ಟೆಯ ಮೇಲೆ ಸುಮ್ನೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಬೇಡ.

ಉಳಿದ ಸಾಮಾನು

ಈರುಳ್ಳಿ ಮನೆಯಲ್ಲೇ ಇತ್ತು. ಕುಮಟಾದ ಸಿಹಿ ಈರುಳ್ಳಿ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿರುತ್ತಾರಲ್ಲ, ಅದೇ. ಮಳೆಗಾಲಕ್ಕೆ ಎಂದು ತಂದು ಅಡುಗೆಮನೆಯ ಜಂತಿಗೆ ಕಟ್ಟಿದ್ದೆವು. ಈ ಅಡುಗೆಗೆ ಇದಕ್ಕಿಂತ ಒಳ್ಳೆಯ ಈರುಳ್ಳಿ ಇಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ಘಾಟು ಕಡಿಮೆ, ಸಿಹಿ ಜಾಸ್ತಿ, ಹುರಿದರೆ ಬೇಗ ಕೆಂಪಗಾಗುತ್ತದೆ. ಅಮೆರಿಕದವರು ಸಾಸಿಗೆ ಹಾಕುವ ಕಂದು ಸಕ್ಕರೆಯ ಅರ್ಧ ಕೆಲಸವನ್ನು ಇದೇ ಮುಗಿಸುತ್ತದೆ. 250 ಗ್ರಾಂ ಸಣ್ಣಗೆ ಹೆಚ್ಚಿದೆವು.

ಉಳಿದ ಅರ್ಧ ಸಿಹಿಗೆ ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ನೀರುಬೆಲ್ಲ. ಶಿರಸಿಯ ನೆಂಟರು ಆಲೆಮನೆ ಮುಗಿದ ಮೇಲೆ ಡಬ್ಬಿ ತುಂಬಿಸಿ ಕಳಿಸುತ್ತಾರೆ. ಒಂದು ದೊಡ್ಡ ಚಮಚ ಸಾಕು. ಸಕ್ಕರೆ ಬರೀ ಸಿಹಿ ಕೊಡುತ್ತದೆ. ಜೋನಿಬೆಲ್ಲಕ್ಕೆ ಹೊಗೆಯ, ಕಬ್ಬಿನ ಹಾಲು ಕಾಯಿಸಿದ ಒಂದು ಆಳವಾದ ರುಚಿ ಇದೆ. ಮಾಂಸದ ಕಂದು ರುಚಿಗೆ ಅದು ಚೆನ್ನಾಗಿ ಕೂಡುತ್ತದೆ.

ಹುಳಿಗೆ ವಿನೆಗರ್ ಬದಲು ಮುರುಗಲು, ಅಂದರೆ ಕೋಕಂ. ಒಣಗಿಸಿದ ಸಿಪ್ಪೆ ಐದಾರು, ಅರ್ಧ ಕಪ್ ಬಿಸಿನೀರಿನಲ್ಲಿ ನೆನೆ ಹಾಕಿದೆವು. ವಿನೆಗರಿನ ಹುಳಿ ಆವಿಯ ಜೊತೆ ಹಾರಿಹೋಗುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಎಷ್ಟು ಉಳಿದಿದೆ ಎಂದು ಊಹಿಸುವುದು ಕಷ್ಟ. ಮುರುಗಲಿನ ಹುಳಿ ಹಾರುವುದಿಲ್ಲ. ಹಾಕಿದಷ್ಟೂ ಕೊನೆಯವರೆಗೆ ಇರುತ್ತದೆ. ಒಂದು ಗಂಟೆ ಒಲೆಯ ಮೇಲಿರುವ ಅಡುಗೆಗೆ ಇದು ದೊಡ್ಡ ಅನುಕೂಲ. ಬಣ್ಣವೂ ಗಾಢವಾಗುತ್ತದೆ. ಆದರೆ ಕೆಲವರು ಮುರುಗಲನ್ನು ಉಪ್ಪು ಹಾಕಿ ಒಣಗಿಸಿರುತ್ತಾರೆ. ಮೊದಲು ಚೂರು ನೆಕ್ಕಿ ನೋಡಿ, ಉಪ್ಪಿದ್ದರೆ ಅಡುಗೆಯ ಉಪ್ಪು ಕಡಿಮೆ ಮಾಡಿ.

ವೂಸ್ಟರ್ ಸಾಸ್ ಎಂಬುದೊಂದು ಅಲ್ಲಿನ ಅಳತೆಯಲ್ಲಿ ತಪ್ಪದೆ ಇರುತ್ತದೆ. ಅದು ಇಂಗ್ಲೆಂಡಿನ ವೂಸ್ಟರ್ ಊರಿನದು. ಲೀ ಅಂಡ್ ಪೆರಿನ್ಸ್ 1837ರಿಂದ ಮಾರುತ್ತಿದೆ. ಅದರೊಳಗೆ ಏನಿದೆ ಎಂದು ಓದಿದಾಗ ನನಗೆ ತುಂಬ ಖುಷಿಯಾಯಿತು. ವಿನೆಗರ್, ಕಾಕಂಬಿ, ಹುಣಸೆಹುಳಿ, ಉಪ್ಪಿನಲ್ಲಿಟ್ಟ ಆಂಚೊವಿ ಎಂಬ ಸಣ್ಣ ಮೀನು. ಇದೆಲ್ಲ ನಮ್ಮ ಅಡುಗೆಮನೆಯ ಸಾಮಾನೇ ಅಲ್ವಾ! ಹುಳಿ ಇದೆ, ಬೆಲ್ಲ ಇದೆ, ಬೇಕಾದದ್ದು ಮೀನಿನ ಆ ಉಪ್ಪುಪ್ಪು ರುಚಿ ಮಾತ್ರ. ಡಬ್ಬಿಯಲ್ಲಿದ್ದ ಒಣ ಸಿಗಡಿ ಒಂದು ದೊಡ್ಡ ಚಮಚ ತೆಗೆದು, ತಲೆ ಬಾಲ ಬಿಡಿಸಿ, ಕಾವಲಿಯ ಮೇಲೆ ಗರಿಗರಿಯಾಗಿ ಹುರಿದು ಪುಡಿ ಮಾಡಿದೆವು. ತಿನ್ನುವಾಗ ಸಿಗಡಿ ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಮಾಂಸದ ರುಚಿಯೇ ಇನ್ನಷ್ಟು ಗಟ್ಟಿಯಾದ ಹಾಗೆ ಅನಿಸುತ್ತದೆ. ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೇ ಊಟಕ್ಕೆ ಕೂರುವವರಿಗೆ ಮೊದಲೇ ಹೇಳಿಬಿಡಬೇಕು. ಸಿಗಡಿ ಆಗದವರು ಇದ್ದರೆ ಇದನ್ನು ಪೂರ್ತಿ ಬಿಟ್ಟುಬಿಡಿ.

ಇನ್ನು ಟೊಮೆಟೊ ಅರ್ಧ ಕಿಲೊ, ದೊಣ್ಣೆಮೆಣಸು ಒಂದು, ಬೆಳ್ಳುಳ್ಳಿ ಎಂಟು ಎಸಳು, ಬ್ಯಾಡಗಿ ಮೆಣಸಿನ ಪುಡಿ ಎರಡು ಚಹಾ ಚಮಚ, ಕಾಳುಮೆಣಸಿನ ಪುಡಿ ಒಂದು, ಸಾಸಿವೆ ಪುಡಿ ಅರ್ಧ, ಟೊಮೆಟೊ ಕೆಚಪ್ ನಾಲ್ಕು ದೊಡ್ಡ ಚಮಚ, ಬೆಣ್ಣೆ, ಉಪ್ಪು. ತರಕಾರಿ ರವಿವಾರದ ಸಂತೆಯಲ್ಲಿ ಸಿಕ್ಕಿತು. ಗರಂ ಮಸಾಲೆ, ಧನಿಯಾ, ಜೀರಿಗೆ ಯಾವುದೂ ಬೇಡ. ಅವು ಬಂದರೆ ಇದು ನಮ್ಮ ಮಾಮೂಲಿ ಖೀಮಾ ಆಗುತ್ತದೆ. ಅದೂ ಒಳ್ಳೆಯದೇ, ಆದರೆ ಅದು ಬೇರೆ ಅಡುಗೆ.

ಒಲೆಯ ಕೆಲಸ

ಹುರಿಯುವ 20 ನಿಮಿಷ ಮೊದಲು ಖೀಮಾ ಹೊರಗೆ ತೆಗೆದು, ಕಾಲು ಚಹಾ ಚಮಚ ಅಡುಗೆ ಸೋಡಾವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಮೇಲೆ ಚಿಮುಕಿಸಿ, ಬೆರಳ ತುದಿಯಿಂದ ಹಗುರವಾಗಿ ಕಲಸಿ ಇಟ್ಟೆ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಇದು ಸರಿ ಕಾಣಲಿಲ್ಲ. "ತಮಾ, ಮಾಂಸಕ್ಕೆ ಸೋಡಾ ಯಾಕೆ?" ಎಂದರು. ಕಾರಣ ಹೇಳಿದೆ. ಸೋಡಾ ಕ್ಷಾರ. ಅದು ತಾಗಿದ ಮಾಂಸದ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಮುದುಡಿಕೊಳ್ಳುವುದಿಲ್ಲ, ತನ್ನ ನೀರನ್ನು ಹಿಂಡಿ ಹೊರಗೆ ಬಿಡುವುದಿಲ್ಲ. ಬಾಣಲೆಯಲ್ಲಿ ನೀರು ಕಡಿಮೆಯಾದರೆ ಬೇಗ ಕೆಂಪಾಗುತ್ತದೆ. ಕ್ಷಾರ ಇದ್ದಾಗ ಕೆಂಪಾಗುವ ಕ್ರಿಯೆಯೂ ಚುರುಕು. ಆದರೆ ಕಾಲು ಚಮಚ ದಾಟಬೇಡಿ, ಸಾಬೂನಿನ ರುಚಿ ಬರುತ್ತದೆ.

ಈ ಹಂತದಲ್ಲಿ ಉಪ್ಪು ಹಾಕುವುದಿಲ್ಲ. ಹಸಿ ಖೀಮಾಕ್ಕೆ ಉಪ್ಪು ಹಾಕಿ ಕಲಸಿದರೆ ಪ್ರೋಟೀನು ಕರಗಿ ಅಂಟಾಗುತ್ತದೆ, ಕಾಳುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಸೀಖ್ ಕಬಾಬಿಗೆ ಅದೇ ಬೇಕು. ನಮಗೆ ಉದುರು ಬೇಕು.

ಕಬ್ಬಿಣದ ಅಗಲ ಬಾಣಲೆ. ಅಗಲ ಇದ್ದಷ್ಟೂ ಒಳ್ಳೆಯದು, ನೀರು ಬೇಗ ಆವಿಯಾಗುತ್ತದೆ. ಖಾಲಿ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ, ಅರ್ಧ ಖೀಮಾ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಹಾಕಿದ ಮೇಲೆ ಸೌಟಿನಿಂದ ಒತ್ತಿ ಹರಡಿ, ಮೂರು ನಾಲ್ಕು ನಿಮಿಷ ಮುಟ್ಟದೆ ಬಿಡಿ. ಕೈ ತಡೆಯುವುದಿಲ್ಲ, ಗೊತ್ತು. ನಮ್ಮ ಅಡುಗೆಯಲ್ಲಿ ಸೌಟು ಆಡಿಸುತ್ತಲೇ ಇರುವುದು ಅಭ್ಯಾಸ. ಆದರೆ ಮಾಂಸ ಕಂದು ಬಣ್ಣಕ್ಕೆ ತಿರುಗಿ ಘಮ ಬರಬೇಕಾದರೆ ಅದರ ಮೇಲ್ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಒದ್ದೆ ಇರುವವರೆಗೆ ಅದು 100ರ ಹತ್ತಿರವೇ ನಿಂತಿರುತ್ತದೆ. ಪದೇ ಪದೇ ತಿರುವಿದರೆ ಯಾವ ಬದಿಯೂ ಒಣಗುವುದಿಲ್ಲ. ಶಬ್ದ ಕೇಳಿ. ಮೊದಲು ಗುಳುಗುಳು ಎಂದು ಕುದಿಯುವ ಸದ್ದು. ಸ್ವಲ್ಪ ಹೊತ್ತಿಗೆ ಅದು ಚಟಪಟಕ್ಕೆ ತಿರುಗುತ್ತದೆ. ಆಗ ಕೆಳಗಿನ ಬದಿ ಕೆಂಪಾಗಲು ಶುರುವಾಗಿದೆ ಎಂದರ್ಥ. ತಳ ಅಡಕೆ ಬಣ್ಣಕ್ಕೆ ಬಂದ ಮೇಲೆ ಮಗುಚಿ, ಪಾವ್ ಭಾಜಿ ಜಜ್ಜುವ ಹಿಡಿಕೆಯಿಂದ ಒಡೆದು, ಇನ್ನೆರಡು ನಿಮಿಷ ಹುರಿದು ತಟ್ಟೆಗೆ ತೆಗೆದೆ. ಉಳಿದ ಅರ್ಧಕ್ಕೂ ಇದೇ ಕ್ರಮ.

ಈಗ ಬಾಣಲೆಯಲ್ಲಿ ಎರಡು ವಸ್ತು ಉಳಿದಿರುತ್ತವೆ. ಕರಗಿದ ಚರಬಿ, ಮತ್ತು ತಳಕ್ಕೆ ಹಿಡಿದ ಕಂದು ಪದರ. ಆ ಪದರವೇ ಸಾಸಿನ ಪ್ರಾಣ, ಅದನ್ನು ಉಜ್ಜಿ ತೊಳೆಯಬೇಡಿ. ಚರಬಿಯನ್ನು ಮಾತ್ರ ಎರಡು ದೊಡ್ಡ ಚಮಚದಷ್ಟು ಉಳಿಸಿ ಉಳಿದದ್ದು ಬಸಿಯಬೇಕು. ಆಡಿನ ಚರಬಿ ನಮ್ಮ ಕೋಣೆಯ ಶಾಖದಲ್ಲೇ ಮೇಣದಂತೆ ಹೆಪ್ಪುಗಟ್ಟುತ್ತದೆ. ಜಾಸ್ತಿ ಉಳಿದರೆ ಎರಡನೆಯ ಪಾವ್ ತಿನ್ನುವ ಹೊತ್ತಿಗೆ ಅಂಗುಳಕ್ಕೆ ಅಂಟಲು ಶುರುವಾಗುತ್ತದೆ. ಹಾಗಾದರೆ ಹಾಕಿಸಿದ್ದು ಯಾಕೆ ಎಂದು ಕೇಳಬಹುದು. ಹುರಿಯುವಾಗ ಖೀಮಾ ಒಣಗದಿರಲು ಅದು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಬಸಿದರಾಯಿತು.

ಆ ಚರಬಿಯಲ್ಲೇ ಈರುಳ್ಳಿ, ದೊಣ್ಣೆಮೆಣಸು ಬಿದ್ದವು. ಸಣ್ಣ ಉರಿ, ಹತ್ತು ಹನ್ನೆರಡು ನಿಮಿಷ. ಈರುಳ್ಳಿ ಪೂರ್ತಿ ಮೆತ್ತಗಾಗುವವರೆಗೆ ಟೊಮೆಟೊವನ್ನಾಗಲಿ ಮುರುಗಲನ್ನಾಗಲಿ ಸೇರಿಸಬಾರದು. ಹುಳಿ ತಾಗಿದರೆ ತರಕಾರಿ ಮೆತ್ತಗಾಗುವುದು ತುಂಬ ನಿಧಾನ. ಎಷ್ಟು ಕುದಿಸಿದರೂ ಈರುಳ್ಳಿ ಹಲ್ಲಿಗೆ ಕರಕರ ಸಿಗುತ್ತದೆ. ಮೆತ್ತಗಾದ ಮೇಲೆ ಬೆಳ್ಳುಳ್ಳಿ, ಮೆಣಸಿನ ಪುಡಿ, ಸಾಸಿವೆ ಪುಡಿ, ಸಿಗಡಿ ಪುಡಿ. ಒಂದು ನಿಮಿಷ ತಿರುವಿ, ಮುರುಗಲಿನ ನೀರು ಸೋಸಿ ಸುರಿದೆ. ಚುಂಯ್ ಎಂದು ಆವಿ ಎದ್ದಾಗ ಮರದ ಸೌಟಿನಿಂದ ತಳ ಕೆರೆಯಬೇಕು. ಕಂದು ಪದರವೆಲ್ಲ ಎದ್ದು ನೀರಿಗೆ ಸೇರುತ್ತದೆ. ಆ ಕ್ಷಣದಲ್ಲಿ ಎದ್ದ ಪರಿಮಳಕ್ಕೆ ಮಕ್ಕಳಿಬ್ಬರೂ ಓದುವ ಕೋಣೆಯಿಂದ ಎದ್ದು ಬಂದರು.

ಕಬ್ಬಿಣದ ಬಾಣಲೆಯಲ್ಲಿ ಹುಳಿಯನ್ನು ತುಂಬ ಹೊತ್ತು ಇಟ್ಟರೆ ಕಬ್ಬಿಣದ ರುಚಿ ಬಿಡುತ್ತದೆ. ಹಾಗಾಗಿ ಇಲ್ಲಿಂದ ಎಲ್ಲವನ್ನೂ ದಪ್ಪ ತಳದ ಅಗಲವಾದ ಸ್ಟೀಲ್ ಪಾತ್ರೆಗೆ ವರ್ಗಾಯಿಸಿದೆ. ಹುರಿದ ಖೀಮಾ, ರುಬ್ಬಿದ ಟೊಮೆಟೊ, ಒಂದೂಕಾಲು ಚಹಾ ಚಮಚ ಉಪ್ಪು, ಒಂದು ಕಪ್ ಬಿಸಿನೀರು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 35 ನಿಮಿಷ.

ಇಲ್ಲಿ ಅವಸರ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆಡಿನ ಖೀಮಾ ಬೆಂದಿದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಮೆತ್ತಗಾಗಿದೆಯೋ ಇಲ್ಲವೋ ಎಂಬುದು ಇನ್ನೊಂದು. ಖೀಮಾ ತಿನ್ನಲು ಸುರಕ್ಷಿತವಾಗಲು ಒಳಗೆ 71 ಡಿಗ್ರಿ ಮುಟ್ಟಿದರೆ ಸಾಕು, ಅದು ಹುರಿಯುವಾಗಲೇ ದಾಟಿರುತ್ತದೆ. ಆದರೆ 15 ನಿಮಿಷಕ್ಕೆ ಬಾಯಿಗೆ ಹಾಕಿ ನೋಡಿ, ರಬ್ಬರಿನ ಹರಳಿನಂತೆ ಇರುತ್ತದೆ. ಅರ್ಧ ಗಂಟೆ ದಾಟಿದ ಮೇಲೆಯೇ ಕಾಳು ಹಲ್ಲಿಗೆ ಸಲೀಸಾಗಿ ಬಿಡುವುದು. ಹೊತ್ತು ಇಲ್ಲದವರು ಕುಕ್ಕರಿನಲ್ಲಿ ಎರಡು ಮೂರು ಸೀಟಿ ಹೊಡೆಸಬಹುದು, ತಪ್ಪೇನಿಲ್ಲ. ಮೊದಲು ಹುರಿಯುವುದನ್ನು ಬಿಡಬೇಡಿ, ಮತ್ತು ಕುಕ್ಕರಿಗೆ ನೀರು ಅರ್ಧ ಕಪ್ ಮಾತ್ರ. ಕುಕ್ಕರಿನಿಂದ ಆವಿ ಹೆಚ್ಚು ಹೊರಗೆ ಹೋಗುವುದಿಲ್ಲ. ಆ ನೀರನ್ನೆಲ್ಲ ಆಮೇಲೆ ನಾವೇ ಇಂಗಿಸಬೇಕು.

ಗಟ್ಟಿ ಮಾಡುವುದು

ಮುಚ್ಚಳ ತೆಗೆದು, ಉರಿ ಸ್ವಲ್ಪ ಏರಿಸಿ, ಜೋನಿಬೆಲ್ಲ, ಕೆಚಪ್, ಕಾಳುಮೆಣಸು ಹಾಕಿದೆ. ಸಿಹಿ ಪದಾರ್ಥ ಕೊನೆಗೇ ಬರಬೇಕು. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಈಗ ಪಕ್ಕದಲ್ಲೇ ನಿಂತು ಆಗಾಗ ತಿರುವುತ್ತಾ 10ರಿಂದ 15 ನಿಮಿಷ ಇಂಗಿಸುವುದು.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನಾನು ಎರಡು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೊದಲನೆಯದು ಗೆರೆ. ಸೌಟಿನಿಂದ ಪಾತ್ರೆಯ ತಳದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ. ಎರಡು ಮೂರು ಸೆಕೆಂಡು ತಳ ಕಂಡು, ಆಮೇಲೆ ಸಾಸ್ ನಿಧಾನವಾಗಿ ಹರಿದು ಬಂದರೆ ಸರಿ. ಹರಿದು ಬರದೆ ಖೀಮಾ ಮಾತ್ರ ಕುಸಿದರೆ ಒಣಗಿದೆ, ಎರಡು ಚಮಚ ಬಿಸಿನೀರು ಸೇರಿಸಬೇಕು.

ಎರಡನೆಯ ಪರೀಕ್ಷೆ ಪಾವಿನದು. ಇದನ್ನು ನಾನು ಹೆಚ್ಚು ನಂಬುತ್ತೇನೆ. ಒಂದು ಪಾವಿನ ಅರ್ಧವನ್ನು ಬೆಣ್ಣೆಯಲ್ಲಿ ಸುಟ್ಟು, ಮೇಲೆ ಎರಡು ಚಮಚ ಖೀಮಾ ಇಟ್ಟು, ಐದು ನಿಮಿಷ ಬಿಟ್ಟು ಎತ್ತಿ ಅಡಿಭಾಗ ನೋಡುವುದು. ಒಣಗಿದ್ದರೆ ಗೆದ್ದಂತೆ. ಕೆಂಪು ಕಲೆ ಕಾಣಿಸಿಕೊಂಡರೆ ಒಲೆಗೆ ಇನ್ನೂ ಮೂರು ನಾಲ್ಕು ನಿಮಿಷ ಕೆಲಸವಿದೆ. ಐದು ನಿಮಿಷ ಯಾಕೆಂದರೆ ಬಡಿಸಿ, ಎಲ್ಲರೂ ಕೂತು, ಅರ್ಧ ತಿನ್ನುವ ಹೊತ್ತಿಗೆ ಅಷ್ಟಾಗುತ್ತದೆ. ನಮ್ಮದು ಮೊದಲ ಪರೀಕ್ಷೆಯಲ್ಲಿ ಸರಿ ಕಂಡಿತು, ಎರಡನೆಯದರಲ್ಲಿ ಸಣ್ಣ ಕಲೆ ತೋರಿಸಿತು. ಇನ್ನೊಂದಿಷ್ಟು ಇಂಗಿಸಿದೆ. ಪರೀಕ್ಷೆಯ ಪಾವ್ ಸಣ್ಣ ಮಗಳ ಪಾಲಾಯಿತು.

ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿ ಇಡಬೇಕು. ಕುದಿ ನಿಂತ ಮೇಲೆ ಜೆಲಟಿನ್ ಬಿಗಿದು ಸಾಸ್ ಇನ್ನೂ ಒಂದು ಹದ ಗಟ್ಟಿಯಾಗುತ್ತದೆ. ರುಚಿ ತಿದ್ದಲು ಇದೇ ಹೊತ್ತು. ಕುದಿಯುವಾಗ ನಾಲಿಗೆಗೆ ಸಿಹಿ ಹುಳಿ ಸರಿಯಾಗಿ ಗೊತ್ತಾಗುವುದಿಲ್ಲ. ಆಯಿ ಬೆರಳಿಗೆ ಹಚ್ಚಿಕೊಂಡು ನೋಡಿ, "ಹುಳಿ ಇನ್ನೂ ಸ್ವಲ್ಪ ಬೇಕು ತಮಾ" ಎಂದರು. ನೆನೆಸಿಟ್ಟ ಸಿಪ್ಪೆಗಳನ್ನು ಕಿವುಚಿ ಒಂದು ಚಮಚ ರಸ ಹಾಕಿದೆವು. ಸರಿಹೋಯಿತು. ಹುಳಿ ಜಾಸ್ತಿ ಆದವರು ಬೆಲ್ಲ ಸುರಿಯುವ ಬದಲು ಒಂದು ಚಮಚ ಬೆಣ್ಣೆ ಬೆರೆಸಿ ನೋಡಿ, ಮೊನಚು ಕಡಿಮೆಯಾಗುತ್ತದೆ. ಸಿಹಿ ಜಾಸ್ತಿ ಆದರೆ ಕಾಳುಮೆಣಸು, ನಿಂಬೆ. ಉಪ್ಪು ಜಾಸ್ತಿ ಆದರೆ ಒಂದು ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಜಜ್ಜಿ ಸೇರಿಸುವುದೊಂದೇ ದಾರಿ. ಖೀಮಾ ಪ್ರಮಾಣ ಹೆಚ್ಚುತ್ತದೆ, ಪಾವ್ ಎರಡು ಜಾಸ್ತಿ ತರಿಸಿ.

ಪಾವ್

ಕಾರವಾರದಲ್ಲಿ ಪಾವಿಗೆ ಬರವಿಲ್ಲ. ಗೋವಾ ಗಡಿ ಇಲ್ಲೇ ಮಾಜಾಳಿಯ ಆಚೆ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿ ಬೇರೂರಿದ ಬ್ರೆಡ್ಡಿನ ರೂಢಿ ಕಾಳಿ ನದಿಯ ಈಚೆಗೂ ಬಂದಿದೆ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತಾ ಬೆಳಿಗ್ಗೆ ಪಾವ್ ಕೊಡುವವರು ನಮ್ಮ ಕೋಡಿಬಾಗದ ಓಣಿಗೂ ಬರುತ್ತಾರೆ.

ಆಗ ತಾನೇ ಬಂದ ಬಿಸಿ ಪಾವ್ ಚಹಾಕ್ಕೆ ಚೆನ್ನ, ಈ ಕೆಲಸಕ್ಕೆ ಬೇಡ. ಬೆಳಿಗ್ಗೆ ತಂದದ್ದು ಸಂಜೆಯ ಹೊತ್ತಿಗೆ ಒಳಗಿನ ತಿರುಳು ಸ್ವಲ್ಪ ಬಿಗಿಯುತ್ತದೆ, ಕತ್ತರಿಸಿದರೆ ಹಿಂಜುವುದಿಲ್ಲ, ಸಾಸನ್ನೂ ತಡೆಯುತ್ತದೆ. ಆದರೆ ಮಳೆಗಾಲದ ತೇವಕ್ಕೆ ಹೊರಗಿನ ಸಿಪ್ಪೆ ಚರ್ಮದಂತೆ ಆಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಇನ್ನೂ ಜಾಸ್ತಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಸುಡುವ ಮೊದಲು ಇಡೀ ಪಾವನ್ನು ಒಣ ಕಾವಲಿಯ ಮೇಲೆ ಒಂದು ನಿಮಿಷ ಹೊರಳಿಸಿ, ಸಿಪ್ಪೆಗೆ ಮತ್ತೆ ಜೀವ ಬರುತ್ತದೆ.

ಕತ್ತರಿಸುವಾಗ ಪೂರ್ತಿ ಎರಡು ಹೋಳು ಮಾಡಬೇಡಿ. ವಡಾಪಾವಿಗೆ ಮಾಡುವ ಹಾಗೆ ಒಂದು ಬದಿ ಅಂಟಿಕೊಂಡಿರಲಿ. ಕಚ್ಚುವಾಗ ಖೀಮಾ ಹಿಂದಿನಿಂದ ಜಾರುವುದನ್ನು ಆ ಬದಿ ತಡೆಯುತ್ತದೆ. ಬಿಡಿಸಿ, ಒಳಮೈಗೆ ಬೆಣ್ಣೆ ಅಂಚಿನವರೆಗೂ ಸವರಿ, ಕಾವಲಿಯ ಮೇಲೆ ಒಳಮೈ ಕೆಳಗಾಗಿ ಎರಡು ನಿಮಿಷ ಸುಡಬೇಕು. ಸುಮ್ನೆ ಬಿಸಿ ಮಾಡಿದರೆ ಸಾಲದು. ಹೊಂಬಣ್ಣದ ಗರಿ ಪದರ ಕಟ್ಟಬೇಕು. ಆ ಪದರ ಮತ್ತು ಬೆಣ್ಣೆ, ಎರಡೂ ಸೇರಿ ಸಾಸು ಒಳಗೆ ಇಳಿಯುವುದನ್ನು ನಿಧಾನ ಮಾಡುತ್ತವೆ.

ಅಮೆರಿಕದವರು ಜೊತೆಗೆ ಸೌತೆಕಾಯಿಯ ಉಪ್ಪಿನಕಾಯಿ ಬಿಲ್ಲೆ ಇಡುತ್ತಾರೆ. ನಾವು ಉಪ್ಪುನೀರಿನಲ್ಲಿಟ್ಟ ಅಪ್ಪೆಮಿಡಿ ತೆಗೆದು, ತೊಳೆದು, ತೆಳ್ಳಗೆ ಸೀಳಿ ಖೀಮಾದ ಮೇಲೆ ನಾಲ್ಕೈದು ಚೂರು ಇಟ್ಟೆವು. ನನ್ನ ಮಟ್ಟಿಗೆ ಇಡೀ ಅಡುಗೆಯ ಉತ್ತಮ ಭಾಗ ಇದು. ಬಿಸಿ, ಸಿಹಿ, ಜಿಡ್ಡಿನ ಖೀಮಾದ ನಡುವೆ ಆ ಮಿಡಿಯ ಪರಿಮಳ, ಕರುಂ ಎನ್ನುವ ಹುಳಿ ಉಪ್ಪು! ಪಕ್ಕಕ್ಕೆ ಸಣ್ಣಗೆ ಹೆಚ್ಚಿದ ಎಲೆಕೋಸಿಗೆ ನಿಂಬೆರಸ, ಉಪ್ಪು, ಚಿಟಿಕೆ ಸಕ್ಕರೆ. ಬಡಿಸುವ ಮೊದಲು ಹಿಂಡಿ ನೀರು ತೆಗೆದದ್ದು.

ಒಂದು ಪಾವಿಗೆ ಸುಮಾರು 70 ಗ್ರಾಂ ಖೀಮಾ ಹಿಡಿಯಿತು, ಅಂದರೆ ಮಟ್ಟವಾಗಿ ನಾಲ್ಕು ದೊಡ್ಡ ಚಮಚ. ಜಾಸ್ತಿ ತುಂಬಬೇಕು ಎಂಬ ಆಸೆ ಬರುತ್ತದೆ. ತುಂಬಿದರೆ ಪಾವ್ ಬಾಯಿ ಬಿಡುತ್ತದೆ. ಎಲ್ಲವನ್ನೂ ಮೊದಲೇ ತುಂಬಿ ಸಾಲಾಗಿ ಇಡುವುದೂ ಬೇಡ. ನನ್ನ ಹೆಂಡತಿ ಕಾವಲಿಯ ಬಳಿ ನಿಂತು ಪಾವ್ ಸುಡುತ್ತಾ ಹೋದಳು, ನಾನು ತುಂಬುತ್ತಾ ಹೋದೆ. ದೋಸೆ ಬಡಿಸುವ ಕ್ರಮವೇ. ಅಪ್ಪನಿಗೆ ಖಾರ ಆಗುವುದಿಲ್ಲ. ಬ್ಯಾಡಗಿ ಮೆಣಸು ಬಣ್ಣ ಕೊಟ್ಟಷ್ಟು ಖಾರ ಕೊಡುವುದಿಲ್ಲವಾದ್ದರಿಂದ ಅವರೂ ಎರಡು ತಿಂದರು. ದೊಡ್ಡ ಮಗ ಮೂರನೆಯದಕ್ಕೆ ಕೈ ಚಾಚಿದ.

ಮಾಂಸ ತಿನ್ನದವರು ಇದ್ದರೆ ಸೋಯಾ ಖೀಮಾದಲ್ಲೂ ಇದು ಆಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿ, ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಸೋಡಾ ಬೇಡ, ಸಿಗಡಿ ಬೇಡ, 35 ನಿಮಿಷದ ಬದಲು 10 ಸಾಕು. ಜೆಲಟಿನ್ ಇಲ್ಲದ್ದರಿಂದ ಸಾಸ್ ತಾನಾಗಿ ಬಿಗಿಯುವುದಿಲ್ಲ. ಟೊಮೆಟೊವನ್ನು ಮೊದಲೇ ಎಣ್ಣೆ ಬಿಡುವವರೆಗೆ ಹುರಿದುಕೊಳ್ಳಿ.

ಉಳಿದ ಖೀಮಾವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಆಳವಾದ ಪಾತ್ರೆಯಲ್ಲಿ ಬೇಗ ತಣ್ಣಗಾಗುವುದಿಲ್ಲ, ಅಗಲ ಡಬ್ಬಿಗೆ ತೆಳ್ಳಗೆ ಹರಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಗಂಟೆಗಟ್ಟಲೆ ಬರದಿದ್ದರೆ ಮರುದಿನ ಅದನ್ನು ನಂಬಬೇಡಿ. ಕರೆಂಟು ಸರಿಯಿದ್ದರೆ ಎರಡು ಮೂರು ದಿನ ಇರುತ್ತದೆ. ತಿನ್ನುವಾಗ ಹಬೆಯಾಡುವಷ್ಟು ಬಿಸಿ ಮಾಡಬೇಕು. ಮರುದಿನ ರುಚಿ ಇನ್ನೂ ಕೂಡಿಕೊಂಡಿರುತ್ತದೆ. ನಾವು ಅದನ್ನು ಬೆಳಿಗ್ಗೆ ಕಾವಲಿಯ ಮೇಲಿನ ದೋಸೆಗೆ ಹರಡಿ ಮಡಚಿದೆವು.

ಮುಂದಿನ ಸಲಕ್ಕೆ ಪೊಯಿ ತರಿಸುವುದು ಎಂದು ಈಗಾಗಲೇ ಗೊತ್ತಾಗಿದೆ. ಗೋವಾದ ಆ ತೌಡು ಮೆತ್ತಿದ ಬ್ರೆಡ್ಡಿನ ಹೊಟ್ಟೆ ಟೊಳ್ಳು, ಒಂದು ಬದಿ ಸೀಳಿದರೆ ಚೀಲದಂತೆ ತೆರೆದುಕೊಳ್ಳುತ್ತದೆ. ಸಾಸನ್ನು ಇನ್ನೂ ಒಂದು ಹದ ಸಡಿಲ ಬಿಡಬಹುದು ಎಂದು ನನ್ನ ಅಂದಾಜು. ಪಕ್ಕದ ಮನೆಯವರು ಕಾಣಕೋಣಕ್ಕೆ ಹೋಗಿಬರುವಾಗ ಆರು ತರುವುದಾಗಿ ಹೇಳಿದ್ದಾರೆ.